ಟೆಂಟಿನಲ್ಲಿ ಮಲಗಿದರೆ ಕುತ್ತಿಗೆ ಹಿಡಿಯುತ್ತದೆ, ಯಾವ ದಿಂಬು ಒಯ್ಯಲಿ?

ಪ್ರಶ್ನೆ (ಕಾರವಾರದಿಂದ):
ಮೇಡಂ, ನಮಸ್ಕಾರ. ನೀವು ಫಿಸಿಯೋಥೆರಪಿಸ್ಟ್, ಜೊತೆಗೆ ಗುಡ್ಡ ಸುತ್ತುವವರು. ಅದಕ್ಕೇ ನಿಮ್ಮನ್ನೇ ಕೇಳುತ್ತಿದ್ದೇನೆ. ಕಳೆದ ಡಿಸೆಂಬರ್‌ನಲ್ಲಿ ನಾವು ನಾಲ್ಕು ಜನ ಕುಮಟಾದಿಂದ ಗೋಕರ್ಣಕ್ಕೆ ಕಡಲದಂಡೆ ಹಿಡಿದು ನಡೆದೆವು. ಚೀಲ ಹಗುರ ಇರಲಿ ಅಂತ 70 ಗ್ರಾಂನ ಗಾಳಿ ದಿಂಬು ತರಿಸಿದ್ದೆ. ಮಲಗಿದರೆ ಚೆಂಡಿನ ಮೇಲೆ ತಲೆ ಇಟ್ಟ ಹಾಗೆ. ನಡುರಾತ್ರಿ ಎದ್ದು ನೋಡಿದರೆ ದಿಂಬು ಟೆಂಟಿನ ಮೂಲೆಯಲ್ಲಿ, ತಲೆ ನೆಲದಲ್ಲಿ. ಬೆಳಿಗ್ಗೆ ಕುತ್ತಿಗೆ ಎಡಕ್ಕೆ ತಿರುಗಲೇ ಇಲ್ಲ. ಅಘನಾಶಿನಿಯಿಂದ ತದಡಿಗೆ ದೋಣಿ ದಾಟುವಾಗ ಒಂದೇ ಬದಿ ನೋಡಿಕೊಂಡು ಕೂತಿದ್ದೆ. ನಾನು ಮಗ್ಗುಲಾಗಿ ಮಲಗುವವನು, ವಯಸ್ಸು 41. ಈ ಸಲವೂ ಹೋಗುವವರಿದ್ದೇವೆ. ಯಾವುದು ತಗೊಳ್ಳಲಿ?

ಉತ್ತರ (ಫಿಸಿಯೋಥೆರಪಿಸ್ಟ್, ಶಿರಸಿ):
ನಮಸ್ಕಾರ. ದಿಂಬು ಆರಿಸುವಾಗ ನೀವು ಮೊದಲು ನೋಡಿದ್ದು ತೂಕ. ಎಲ್ಲರೂ ಅದನ್ನೇ ನೋಡುತ್ತಾರೆ. ಮೊದಲು ನೋಡಬೇಕಾದ್ದು ಎತ್ತರ.

ಮಗ್ಗುಲಾಗಿ ಮಲಗಿದಾಗ ಕಿವಿಗೂ ನೆಲಕ್ಕೂ ನಡುವೆ ಭುಜದಷ್ಟು ಜಾಗ ಬಿಡುತ್ತದೆ. ತಲೆಯ ತೂಕ ಸುಮಾರು ನಾಲ್ಕೂವರೆ, ಐದು ಕಿಲೋ. ಆ ಜಾಗ ತುಂಬದಿದ್ದರೆ ತಲೆ ಇಡೀ ರಾತ್ರಿ ಕೆಳಕ್ಕೆ ವಾಲಿಕೊಂಡೇ ಇರುತ್ತದೆ. ಹಿಡ್ಕೊಳ್ಳದೆ ಏನು ಮಾಡುತ್ತದೆ ಹೇಳಿ! ಅಂಗಾತ ಮಲಗುವವರಿಗೆ ಇಷ್ಟು ಎತ್ತರ ಬೇಡ. ನಮ್ಮಜ್ಜ ಊಟ ಮಾಡಿ ಜಗಲಿಯಲ್ಲಿ ಮಣೆಗೆ ತಲೆ ಕೊಟ್ಟು ಗೊರಕೆ ಹೊಡೆಯುತ್ತಿದ್ದರು. ಅವರು ಅಂಗಾತ ಮಲಗುತ್ತಿದ್ದರು, ನಡೆಯಿತು. ನಿಮಗೆ ನಡೆಯುವುದಿಲ್ಲ.

ಅಂಗಡಿಗೆ ಹೋಗುವ ಮೊದಲು ಮನೆಯಲ್ಲೇ ಒಂದು ಕೆಲಸ ಮಾಡಿ. ಟೆಂಟಿಗೆ ಒಯ್ಯುವ ಹಾಸು ನೆಲಕ್ಕೆ ಹಾಸಿ ಮಗ್ಗುಲಾಗಿ ಮಲಗಿ. ತಲೆಯಡಿಗೆ ಪಂಚೆ, ಟವೆಲ್ ಮಡಚಿ ಒಂದೊಂದಾಗಿ ಇಡುತ್ತಾ ಹೋಗಿ. ಮನೆಯವರು ಯಾರಾದರೂ ಎದುರು ನಿಂತು ನೋಡಲಿ. ಮೂಗು, ಗದ್ದ, ಎದೆಯ ನಡುಮೂಳೆ ಒಂದೇ ಗೆರೆಯಲ್ಲಿ ಬಂದರೆ ಸಾಕು, ನಿಲ್ಲಿಸಿ. ತಲೆ ಇಟ್ಟಿರುವಾಗಲೇ ಅಡಿಯ ಬಟ್ಟೆ ಎಷ್ಟು ದಪ್ಪ ಇದೆ ಅಂತ ಸ್ಕೇಲಿನಲ್ಲಿ ಅಳೆಯಿರಿ. ದೊಡ್ಡವರಿಗೆ ಸಾಮಾನ್ಯವಾಗಿ 10-12 ಸೆಂ.ಮೀ. ಹತ್ತಿರ ಬರುತ್ತದೆ. ಅಳತೆ ಆ ಹಾಸಿನ ಮೇಲೇ ಆಗಬೇಕು. ತೆಳು ಫೋಮ್ ಹಾಸಿನಲ್ಲಿ ಭುಜ ಇಳಿಯುವುದಿಲ್ಲ, ದಿಂಬು ಎತ್ತರ ಬೇಕು. ದಪ್ಪ ಗಾಳಿ ಹಾಸಿಗೆಯಲ್ಲಿ ಭುಜ ಹೂತುಕೊಳ್ಳುತ್ತದೆ, ಅಲ್ಲಿ ಅದೇ ದಿಂಬು ಜಾಸ್ತಿ ಆಗುತ್ತದೆ.

ಇನ್ನು ಚೆಂಡಿನ ವಿಷಯ. ನೀವು ಗಾಳಿ ಗಟ್ಟಿಯಾಗಿ ತುಂಬಿದ್ದೀರಿ, ಅಲ್ವಾ? ಪೂರ್ತಿ ಊದಿ, ತಲೆ ಇಟ್ಟು, ಆಮೇಲೆ ವಾಲ್ವ್ ಒತ್ತಿ ಸ್ವಲ್ಪ ಸ್ವಲ್ಪ ಬಿಡಬೇಕು. ಕಿವಿ ದಿಂಬಿನೊಳಗೆ ಕೂತಂತೆ ಅನಿಸಿದಾಗ ಮುಚ್ಚಿ. ಉಸಿರು ಬಿಸಿ ಇರುತ್ತದೆ, ರಾತ್ರಿ ತಣ್ಣಗಾದಂತೆ ಒಳಗಿನ ಗಾಳಿ ಕುಗ್ಗುತ್ತದೆ. ಬೆಳಗಿನ ಜಾವ ತುಸು ಮೆತ್ತಗಾದರೆ ತೂತು ಬಿತ್ತು ಅಂತ ಎಸೆಯಬೇಡಿ. ಅನುಮಾನ ಇದ್ದರೆ ಬಕೆಟ್ ನೀರಿನಲ್ಲಿ ಮುಳುಗಿಸಿ ಗುಳ್ಳೆ ಬರುತ್ತದೆಯೋ ನೋಡಿ.

ಜಾರುವುದಕ್ಕೆ ಹಳೇ ಟೀ ಶರ್ಟ್ ಮದ್ದು. ಹಾಸಿನ ತಲೆಭಾಗಕ್ಕೆ ಟೀ ಶರ್ಟ್ ತೊಡಿಸಿ, ದಿಂಬನ್ನು ಅದರೊಳಗೆ ತೂರಿಸಿ. ಎಲ್ಲಿಗೂ ಹೋಗುವುದಿಲ್ಲ. ಕೆನ್ನೆಗೆ ಹತ್ತಿ ಬಟ್ಟೆ ಸಿಗುತ್ತದೆ, ಕರಾವಳಿಯ ಬೆವರಿಗೆ ಅದೂ ಬೇಕು.

ಹೊಸದೇ ಕೊಳ್ಳುವುದಾದರೆ, ಬರೀ ಗಾಳಿಯದ್ದು 60ರಿಂದ 120 ಗ್ರಾಂ ಒಳಗೆ ಸಿಗುತ್ತದೆ. ಫೋಮ್ ಚೂರು ತುಂಬಿದ್ದು 200-300 ಗ್ರಾಂ. ಮಲಗಲು ಸುಖ, ಆದರೆ ಸುತ್ತಿದರೂ ಚೀಲದಲ್ಲಿ ಜಾಗ ತಿನ್ನುತ್ತದೆ, ಒದ್ದೆಯಾದರೆ ನಮ್ಮ ಕಡೆ ಬೇಗ ಒಣಗುವುದಿಲ್ಲ. ಒಳಗೆ ಗಾಳಿ, ಮೇಲೊಂದು ತೆಳು ಫೋಮ್ ಪದರ ಇರುವ ನಡುವಿನ ಜಾತಿ ಇದೆ. ನಾನು ಒಯ್ಯುವುದು ಅದನ್ನೇ. ಬಸ್ಸಿನಲ್ಲಿ ಕುತ್ತಿಗೆಗೆ ಹಾಕುವ ಯು ಆಕಾರದ್ದು ಮಾತ್ರ ಬೇಡ. ಅದು ಕೂತು ನಿದ್ದೆ ಮಾಡುವವರಿಗೆ.

ಒಂದು ಮಾತು ಗಂಭೀರವಾಗಿ. ಕೈ ಜೋಮು ಹಿಡಿಯುವುದು, ಬೆರಳಲ್ಲಿ ಶಕ್ತಿ ಕಡಿಮೆ ಆಗುವುದು, ನೋವು ತೋಳಿಗೆ ಇಳಿಯುವುದು ಇದ್ದರೆ ದಿಂಬು ಹುಡುಕುತ್ತಾ ಕೂರಬೇಡಿ. ಡಾಕ್ಟರಿಗೆ ತೋರಿಸಿ.

ಪ್ರಶ್ನೆ (ಶಿರಸಿ, ಕಾಲೇಜು ವಿದ್ಯಾರ್ಥಿ):
ಅಕ್ಕ, ಇದಕ್ಕೆಲ್ಲ ದುಡ್ಡು ಯಾಕೆ? ನಾವು ಬಟ್ಟೆ ತುಂಬಿದ ಚೀಲಕ್ಕೇ ತಲೆ ಕೊಡುತ್ತೇವೆ.

ಉತ್ತರ:
ಕೊಡು ತಮ್ಮ, ತಪ್ಪೇನಿಲ್ಲ. ನಾನೂ ಎಷ್ಟೋ ವರ್ಷ ಹಾಗೇ ಮಲಗಿದ್ದೇನೆ. ಸ್ವೆಟರ್ ಇದ್ದರೆ ಒಳ್ಳೆಯ ದಿಂಬಾಗುತ್ತದೆ, ಜಿಪ್ಪು ಒಳಗೆ ಬರುವಂತೆ ಮಡಚಬೇಕು ಅಷ್ಟೇ. ಆದರೆ ಎರಡು ತೊಂದರೆ. ಚಳಿ ಬಿದ್ದರೆ ಆ ಸ್ವೆಟರ್ ಮೈಮೇಲಿರುತ್ತದೆ, ದಿಂಬು ಖಾಲಿ. ಮಳೆಗಾಲದಲ್ಲಿ ಯಾಣದ ಕಡೆ ಹೋಗಿ ಬಂದರೆ ಒಣ ಬಟ್ಟೆ ಅಂತ ಉಳಿಯುವುದೇ ಒಂದು ಜೊತೆ. ಉಂಬಳ ಹತ್ತಿದ ಪ್ಯಾಂಟಿನ ಮೇಲೆ ಕೆನ್ನೆ ಇಟ್ಟು ಮಲಗುತ್ತೀಯಾ?

ಪ್ರಶ್ನೆ (ಅಂಕೋಲಾದಿಂದ):
ಮೇಡಂ, ಅಮ್ಮನೂ ಬರುತ್ತೇನೆ ಅಂತಿದ್ದಾರೆ. ಅವರಿಗೆ ಮನೆಯ ಬೂರುಗದ ಹತ್ತಿ ದಿಂಬೇ ಆಗಬೇಕು. ಟೆಂಟಿನ ಹತ್ತಿರದವರೆಗೂ ಕಾರು ಹೋಗುತ್ತದೆ. ಆಮೇಲೆ, ಗಾಳಿ ದಿಂಬನ್ನು ತಂದು ಮಡಚಿಟ್ಟರೆ ಒಳಗೆ ವಾಸನೆ ಬರುತ್ತದಲ್ಲ?

ಉತ್ತರ:
ಕಾರು ಹೋಗುವ ಜಾಗಕ್ಕೆ ಗ್ರಾಂ ಲೆಕ್ಕ ಯಾಕೆ? ಅಮ್ಮನ ದಿಂಬನ್ನೇ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಒಯ್ಯಿರಿ. ಇಬ್ಬನಿಗೆ ಹತ್ತಿ ಬೇಗ ತಂಡಿ ಹಿಡಿಯುತ್ತದೆ, ಟೆಂಟಿನ ಗೋಡೆಗೆ ತಾಗದಂತೆ ಇಡಿ.

ವಾಸನೆ ಬರುವುದು ಬಾಯಲ್ಲಿ ಊದುವುದರಿಂದ. ಉಸಿರಿನ ತೇವ ಒಳಗೇ ಉಳಿದು ಬೂಸ್ಟು ಹಿಡಿಯುತ್ತದೆ. ಹಾಸಿನ ಜೊತೆ ಗಾಳಿ ತುಂಬುವ ಚೀಲ ಬಂದಿದ್ದರೆ, ವಾಲ್ವಿಗೆ ಹೊಂದಿದರೆ ಅದರಲ್ಲೇ ತುಂಬಿ. ಮನೆಗೆ ಬಂದ ಮೇಲೆ ವಾಲ್ವ್ ತೆರೆದು ಎರಡು ದಿನ ನೆರಳಲ್ಲಿ ತೂಗುಹಾಕಿ. ದಂಡೆಗೆ ಹೋಗಿದ್ದರೆ ಮೊದಲು ಸಿಹಿನೀರಲ್ಲಿ ಒರೆಸಿ. ವಾಲ್ವಿನಲ್ಲಿ ಮರಳಿನ ಒಂದು ಕಾಳು ಸಿಕ್ಕಿದರೂ ರಾತ್ರಿಯಿಡೀ ಗಾಳಿ ಸೋರುತ್ತದೆ.

ಮೊದಲು ಕೇಳಿದವರು (ಕಾರವಾರ):
ಮೇಡಂ, ಅಳೆದೆ. ಎರಡು ಪಂಚೆ, ಒಂದು ಟವೆಲ್, ಒಟ್ಟು 11 ಸೆಂ.ಮೀ. ನನ್ನ ದಿಂಬು ಪೂರ್ತಿ ಊದಿದರೂ 8 ದಾಟುವುದಿಲ್ಲ!

ಉತ್ತರ:
ಎಸೆಯಬೇಡಿ. ಗಾಳಿ ತುಸು ಇಳಿಸಿ, ಅಡಿಗೆ ಸ್ವೆಟರ್ ಮಡಚಿಟ್ಟು 11ಕ್ಕೆ ತನ್ನಿ, ಎರಡನ್ನೂ ಟೀ ಶರ್ಟಿನೊಳಗೆ ಸೇರಿಸಿ. ಹೊರಡುವ ಮೊದಲು ಒಂದು ರಾತ್ರಿ ಹಾಲ್‌ನಲ್ಲೇ ಹಾಗೆ ಮಲಗಿ ನೋಡಿ. ಬೆಳಿಗ್ಗೆ ಕುತ್ತಿಗೆ ಎರಡೂ ಕಡೆ ತಿರುಗಿದರೆ ಹೊಸದು ಬೇಕಾಗಿಲ್ಲ.