ಫ್ರಾಝೆಟ್ಟಾ ಚಿತ್ರದಲ್ಲಿ ಆ ಭಯ ಎಲ್ಲಿಂದ ಬರುದು?

ಕುಂಬಳೆ ಹುಡುಗ: ನಾನು ಟ್ಯಾಬಲ್ಲಿ ಡ್ರಾಯಿಂಗ್ ಮಾಡುವವ. ಅಮೆರಿಕದ ಚಿತ್ರಕಾರ ಫ್ರಾಂಕ್ ಫ್ರಾಝೆಟ್ಟಾ 1973ರಲ್ಲಿ ಬರೆದ ‘ಡೆತ್ ಡೀಲರ್’ ಪೇಂಟಿಂಗ್ ನೋಡಿ ಎರಡು ದಿನ ಆಯ್ತು, ತಲೆಯಿಂದ ಹೋಗುದೇ ಇಲ್ಲ. ಕುದುರೆ ಮೇಲೆ ಕೊಂಬಿನ ಶಿರಸ್ತ್ರಾಣದವ, ಮುಖ ಕಾಣುದಿಲ್ಲ, ಎರಡು ಕೆಂಪು ಕಣ್ಣು ಮಾತ್ರ. ನಾನು ಎಷ್ಟು ಡೀಟೇಲ್ ಹಾಕಿದ್ರೂ ಹಾಗೆ ಬರುದಿಲ್ಲ, ಯಾಕೆ?

ಬದಿಯಡ್ಕದವ: ಡೀಟೇಲ್ ಜಾಸ್ತಿ ಆದದ್ದೇ ತೊಂದ್ರೆ ಮಾರಾಯ. ಅವ್ರು ಹಿನ್ನೆಲೆಯನ್ನ ಹೊಗೆ ಹಾಗೆ ಬಿಟ್ಟುಬಿಡ್ತಾರೆ, ಬೆಳಕು ಬೇಕಾದಲ್ಲಿಗೆ ಮಾತ್ರ. 1966ರಿಂದ ಕೋನನ್ ಅನ್ನುವ ಕತ್ತಿವೀರನ ಕತೆ ಪುಸ್ತಕಗಳಿಗೆ ಮಾಡಿದ ಮುಖಪುಟಗಳನ್ನೂ ನೋಡು, ಆಮೇಲೆ ಬಂದ ಕಾಮಿಕ್ಸು, ಗೇಮುಗಳಲ್ಲಿ ಕತ್ತಿ ಹಿಡಿದ ವೀರರಿಗೆಲ್ಲ ಹೆಚ್ಚುಕಡಿಮೆ ಅದೇ ಮೈಕಟ್ಟು.

ಮಂಜೇಶ್ವರದ ಅಕ್ಕ: ತಮ್ಮಾ, ಒಂದು ಸಲ ಯಕ್ಷಗಾನ ಆಟದ ಚೌಕಿಯಲ್ಲಿ, ಅಂದ್ರೆ ವೇಷ ಕಟ್ಟುವ ಜಾಗದಲ್ಲಿ, ಕೂತು ರಾಕ್ಷಸರ ಬಣ್ಣದ ವೇಷಕ್ಕೆ ಚುಟ್ಟಿ ಇಡುದನ್ನ ನೋಡು. ಅಕ್ಕಿಹಿಟ್ಟಿನ ಬಿಳಿ ಮುಳ್ಳು ಏಳ್ತಾ ಏಳ್ತಾ ಮನುಷ್ಯನ ಮುಖ ಮಾಯ ಆಗ್ತದೆ, ಕಡೆಗೆ ಉಳಿಯುದು ಕಣ್ಣೇ. ನಂಗೆ ಆ ಪೇಂಟಿಂಗ್ ನೋಡಿದಾಗ ಅದೇ ನೆನಪಾದದ್ದು.

ಬದಿಯಡ್ಕದವ: ಹೌದಕ್ಕಾ! ಇನ್ನೊಂದು, ಸ್ಟ್ರೋಕ್ ಆಗಿ ಬಲಗೈ ಸೋತ ಮೇಲೆ ಫ್ರಾಝೆಟ್ಟಾ ಎಡಗೈಯಲ್ಲಿ ಬರೆಯಲಿಕ್ಕೆ ಕಲಿತ್ರು, ಅದಕ್ಕೇ ನಂಗೆ ಅವರ ಮೇಲೆ ಇನ್ನೂ ಗೌರವ.

ಕುಂಬಳೆ ಹುಡುಗ: ಥ್ಯಾಂಕ್ಸ್ ಅಕ್ಕಾ, ಶನಿವಾರ ಊರಲ್ಲಿ ಆಟ ಉಂಟು, ಸ್ಕೆಚ್ ಪುಸ್ತಕ ಹಿಡ್ಕೊಂಡೇ ಹೋಗ್ತೇನೆ.