ಪದಚರ್ಚೆ: ಡಿ-ಐಸಿಂಗ್, ಆಂಟಿ-ಐಸಿಂಗ್ ಎರಡಕ್ಕೂ ಒಂದೇ ಪದ ಸಾಕಾ?

ಎಲ್ಲರಿಗೂ ನಮಸ್ಕಾರ.

ವಿಮಾನದ ರೆಕ್ಕೆ, ಎಂಜಿನ್, ವಾಹನದ ಗಾಜು ಇವುಗಳ ಮೇಲೆ ಐಸ್ ಕಟ್ಟದಂತೆ ನೋಡಿಕೊಳ್ಳುವ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಡಿ-ಐಸಿಂಗ್ ಮತ್ತು ಆಂಟಿ-ಐಸಿಂಗ್ ಎಂಬ ಎರಡು ಮಾತು ಅಲ್ಲಿ ಪದೇ ಪದೇ ಬರುತ್ತವೆ. ಎರಡಕ್ಕೂ ‘ಹಿಮ ನಿರೋಧಕ’ ಅಂತ ಬರೆದು ಮುಂದೆ ಹೋಗಿಬಿಡಬಹುದು. ಹಾಗೆ ಮಾಡಿದರೆ ಓದುಗರಿಗೆ ಮುಖ್ಯ ವಿಷಯವೇ ತಪ್ಪಿಹೋಗುತ್ತದೆ.

ಡಿ-ಐಸಿಂಗ್ ಅಂದರೆ ಆಗಲೇ ಕಟ್ಟಿರುವ ಐಸನ್ನು ತೆಗೆಯುವುದು. ಆಂಟಿ-ಐಸಿಂಗ್ ಅಂದರೆ ಕಟ್ಟುವ ಮೊದಲೇ ತಡೆಯುವುದು. ನಿಂತ ವಿಮಾನಕ್ಕೆ ಸಿಂಪಡಿಸುವ ದ್ರವಗಳೂ ಸಾಮಾನ್ಯವಾಗಿ ಬೇರೆ ಬೇರೆ. ತೆಗೆಯುವುದಕ್ಕೆ ಗ್ಲೈಕಾಲ್ (ನೀರು ಬೇಗ ಹೆಪ್ಪುಗಟ್ಟದಂತೆ ಮಾಡುವ ರಾಸಾಯನಿಕ) ಮತ್ತು ನೀರಿನ ತೆಳು ಮಿಶ್ರಣ, ಕಿತ್ತಳೆ ಬಣ್ಣದ್ದು. ಅದು ಕನಿಷ್ಠ 60 ಡಿಗ್ರಿ ಸೆಲ್ಸಿಯಸ್ ಬಿಸಿ ಇರಬೇಕು. ಆ ಬಿಸಿಗೆ, ರಭಸಕ್ಕೆ ಐಸ್ ಬಿಟ್ಟುಕೊಳ್ಳುತ್ತದೆ. ಆದರೆ ತೆಳು ದ್ರವ ಹರಿದುಹೋಗುವುದರಿಂದ ಅದರ ರಕ್ಷಣೆ ಜಾಸ್ತಿ ಹೊತ್ತು ಇರುವುದಿಲ್ಲ. ತಡೆಯುವುದಕ್ಕೆ ಹಸಿರು ಬಣ್ಣದ ಮಂದ ದ್ರವ ಇದೆ. ರೆಕ್ಕೆಯ ಮೇಲೆ ಪದರವಾಗಿ ನಿಂತು, ಮೇಲೆ ಬೀಳುವ ಹಿಮವನ್ನು ತನ್ನೊಳಗೇ ಕರಗಿಸಿಕೊಳ್ಳುತ್ತದೆ. ವಿಮಾನ ರನ್‌ವೇ ಮೇಲೆ ವೇಗ ಹಿಡಿದಾಗ ಗಾಳಿಯ ಹೊಡೆತಕ್ಕೆ ತೆಳುವಾಗಿ ಜಾರಿಹೋಗುತ್ತದೆ.

ಈ ವ್ಯತ್ಯಾಸ ಸುಮ್ನೆ ಪದಗಳ ಹಟ ಅಲ್ಲ. 1982ರ ಜನವರಿ 13ರಂದು ವಾಷಿಂಗ್ಟನ್‌ನಲ್ಲಿ ಏರ್ ಫ್ಲೋರಿಡಾದ ವಿಮಾನವೊಂದು ಏರಿದ ಕೂಡಲೇ ಸೇತುವೆಗೆ ಬಡಿದು ಪೊಟೋಮ್ಯಾಕ್ ನದಿಗೆ ಬಿತ್ತು. ಸೇತುವೆಯ ಮೇಲಿದ್ದವರೂ ಸೇರಿ 78 ಜನ ಸತ್ತರು. ಅದರ ರೆಕ್ಕೆಯ ಐಸನ್ನು ತೆಗೆದಿದ್ದರು. ಆಮೇಲೆ ಹಿಮ ಬೀಳುತ್ತಿರುವಾಗಲೇ ಸುಮಾರು 49 ನಿಮಿಷ ಕಳೆಯಿತು. ರೆಕ್ಕೆಯ ಮೇಲೆ ಮತ್ತೆ ಹಿಮ ಕೂತಿತು. ಜೊತೆಗೆ ಎಂಜಿನ್ನಿನ ಆಂಟಿ-ಐಸ್ ಸ್ವಿಚ್ಚನ್ನು ಹಾಕಿರಲೇ ಇಲ್ಲ. ಎಂಜಿನ್ನಿನ ಒತ್ತಡ ಅಳೆಯುವ ಕೊಳವೆಯಲ್ಲಿ ಐಸ್ ತುಂಬಿ, ಇರುವುದಕ್ಕಿಂತ ಹೆಚ್ಚು ಶಕ್ತಿ ಇದೆ ಅಂತ ಮೀಟರ್ ತೋರಿಸಿತು. ತೆಗೆಯುವ ಕೆಲಸ ನಡೆದಿತ್ತು, ತಡೆಯುವ ಕೆಲಸ ಸರಿಯಾಗಿ ನಡೆಯಲಿಲ್ಲ. ಎರಡಕ್ಕೂ ಒಂದೇ ಪದ ಇಟ್ಟುಕೊಂಡು ಈ ಕತೆ ಹೇಳುವುದು ಹೇಗೆ?

ಹಾರುತ್ತಿರುವಾಗಲೂ ಹಾಗೆಯೇ. ಕೆಲವು ವಿಮಾನಗಳ ರೆಕ್ಕೆಯ ಮುಂದಿನ ಅಂಚಿಗೆ ರಬ್ಬರಿನ ಹೊದಿಕೆ ಇರುತ್ತದೆ. ಗಾಳಿ ತುಂಬಿದರೆ ಉಬ್ಬಿ, ಕೂತ ಐಸನ್ನು ಒಡೆದು ಉದುರಿಸುತ್ತದೆ. ಅದು ತೆಗೆಯುವ ಸಾಧನ. ಜೆಟ್ ಎಂಜಿನ್ನಿನ ಬಾಯಿಯಲ್ಲಿ ಹಾಗೆ ಮಾಡಲು ಬರುವುದಿಲ್ಲ. ಒಡೆದ ಚೂರು ನೇರ ಎಂಜಿನ್ ಒಳಗೇ ಹೋಗುತ್ತದಲ್ವಾ! ಅಲ್ಲಿ ಬಿಸಿಗಾಳಿ ಹಾಯಿಸಿ ಮೊದಲೇ ತಡೆಯಬೇಕು.

ಈಗ ಪದಕ್ಕೆ ಬರುತ್ತೇನೆ. ನಿವಾರಣೆ, ನಿರೋಧ ಎಂಬ ಜೋಡಿ ಮೊದಲು ಹೊಳೆಯಿತು. ನೋವು ನಿವಾರಕ ಮಾತ್ರೆ ನೋವು ಬಂದ ಮೇಲೆ, ರೋಗ ನಿರೋಧಕ ಲಸಿಕೆ ರೋಗ ಬರುವ ಮೊದಲು. ಲೆಕ್ಕ ಸರಿಯಿದೆ. ಆದರೆ ‘ವಿಘ್ನ ನಿವಾರಣೆ’ ಅನ್ನುವಾಗ ವಿಘ್ನ ಬರದೇ ಇರಲಿ ಅಂತಲೂ ಅರ್ಥ ಬರುತ್ತದೆ. ಮೇಲಾಗಿ ಎರಡೂ ಪದ ‘ನಿ’ಯಿಂದಲೇ ಶುರುವಾಗಿ ಓದುವಾಗ ಗೊಂದಲ ಮಾಡುತ್ತವೆ.

ಅದಕ್ಕಿಂತ ನನಗೆ ಹಿಡಿಸಿದ್ದು ‘ಐಸ್ ಬಿಡಿಸುವುದು’ ಮತ್ತು ‘ಐಸ್ ತಡೆ’. ಕಲೆ ಬಿಡಿಸುತ್ತೇವೆ, ತುಕ್ಕು ಬಿಡಿಸುತ್ತೇವೆ. ಅಂಟಿಕೊಂಡದ್ದನ್ನು ತೆಗೆಯುವುದಕ್ಕೆ ಇದಕ್ಕಿಂತ ಸರಿಯಾದ ಕ್ರಿಯಾಪದ ಬೇಕೇ? ಐಸ್ ಬೆಳೆಯುವುದಕ್ಕೂ ‘ಕಟ್ಟು’ ಇದೆ. ಪಾಚಿ ಕಟ್ಟುತ್ತದೆ, ಮಸಿ ಕಟ್ಟುತ್ತದೆ, ಐಸೂ ಕಟ್ಟುತ್ತದೆ. ‘ಹಿಮ ಶೇಖರಣೆ’ ಅಂತ ಮಾತ್ರ ದಯವಿಟ್ಟು ಬೇಡ. ಅದು ಯಾರೋ ಬೇಕೆಂದೇ ಕೂಡಿಟ್ಟಂತೆ ಕೇಳಿಸುತ್ತದೆ.

ಐಸ್ ಬದಲು ‘ಮಂಜು’ ಯಾಕಾಗಬಾರದು ಅಂತ ಕೇಳಬಹುದು. ಕಾರಿನ ಗಾಜನ್ನೇ ನೋಡಿ. ಒಳಗಡೆ ಉಸಿರಿನ ತೇವದಿಂದ ಗಾಜು ಮಸುಕಾದರೂ ಮಂಜು, ಹೊರಗಡೆ ಗಟ್ಟಿಯಾಗಿ ಅಂಟಿದರೂ ಮಂಜು! ಮೊದಲನೆಯದು ಒಣ ಗಾಳಿಗೆ ಹೋಗುತ್ತದೆ. ಎರಡನೆಯದಕ್ಕೆ ಕೆರೆಯಬೇಕು, ಬಿಸಿ ಮಾಡಬೇಕು ಇಲ್ಲವೇ ಆಲ್ಕೊಹಾಲ್ ಬೆರೆತ ದ್ರವ ಸಿಂಪಡಿಸಬೇಕು. ಕುದಿನೀರು ಸುರಿದರೆ ಗಾಜೇ ಸೀಳಬಹುದು. ‘ಹಿಮ’ಕ್ಕೂ ತೊಂದರೆ ಇದೆ, ಅದು ಮೇಲಿಂದ ಉದುರುವ ಹಿಮಕ್ಕೇ ಹೆಚ್ಚು ಒಪ್ಪುತ್ತದೆ. ಮೋಡದಲ್ಲಿ ಸೊನ್ನೆ ಡಿಗ್ರಿಗಿಂತ ತಣ್ಣಗಿದ್ದರೂ ನೀರಾಗಿಯೇ ಉಳಿದ ಹನಿಗಳು ರೆಕ್ಕೆಗೆ ಬಡಿದ ತಕ್ಷಣ ಗಟ್ಟಿಯಾಗುತ್ತವಲ್ಲ, ಅದನ್ನು ಹಿಮ ಅನ್ನಲು ನನಗೆ ಮನಸ್ಸಿಲ್ಲ. ಹಾಗಾಗಿ ಐಸ್ ಎಂದೇ ಉಳಿಸಿಕೊಂಡಿದ್ದೇನೆ.

ರಸ್ತೆಗೆ ಉಪ್ಪು ಹಾಕುವಲ್ಲಿಯೂ ಈ ಜೋಡಿ ಒಪ್ಪುತ್ತದೆ. ಹಿಮ ಬೀಳುವ ಮೊದಲೇ ಉಪ್ಪುನೀರು ಸಿಂಪಡಿಸಿದರೆ ಐಸ್ ತಡೆ, ಬಿದ್ದು ಗಟ್ಟಿಯಾದ ಮೇಲೆ ಉಪ್ಪು ಎರಚಿದರೆ ಐಸ್ ಬಿಡಿಸುವುದು.

ಎರಡು ಕಡೆ ಮಾತ್ರ ಸಿಕ್ಕಿಹಾಕಿಕೊಂಡಿದ್ದೇನೆ. ಒಂದು, ಫ್ರಾಸ್ಟ್. ಮೋಡವಿಲ್ಲದ ತಣ್ಣನೆ ರಾತ್ರಿ ರೆಕ್ಕೆಯ ಮೇಲೆ ಕೂರುವ ಬಿಳಿ ಪದರ. ಉಪ್ಪುಕಾಗದದಷ್ಟು ಒರಟಾಗಿದ್ದರೂ ಸಾಕು, ರೆಕ್ಕೆಯ ಎತ್ತುವ ಬಲ ಶೇ. 30ರವರೆಗೆ ಕುಸಿಯಬಹುದು. ‘ಹೆಪ್ಪುಗಟ್ಟಿದ ಇಬ್ಬನಿ’ ಅನ್ನೋಣವೆಂದರೆ ಅದು ನೀರಾಗಿ ಆಮೇಲೆ ಗಟ್ಟಿಯಾದದ್ದಲ್ಲ. ಗಾಳಿಯ ತೇವವೇ ನೇರವಾಗಿ ಹರಳಾಗುತ್ತದೆ. ಇದಕ್ಕೆ ಆಡುಮಾತಿನ ಪದ ಯಾರಿಗಾದರೂ ಗೊತ್ತೇ?

ಇನ್ನೊಂದು, ಹೋಲ್ಡೋವರ್ ಟೈಮ್. ದ್ರವ ಎಷ್ಟು ಹೊತ್ತು ಕಾಪಾಡುತ್ತದೆ ಎಂಬ ಅಂದಾಜು. ಕೊನೆಯ ಸಿಂಪಡಣೆ ಶುರುವಾದ ಗಳಿಗೆಯಿಂದ ಲೆಕ್ಕ. ತಾಪಮಾನ, ಹಿಮದ ಜೋರು ನೋಡಿಕೊಂಡು ಪಟ್ಟಿಯಲ್ಲಿ ಹುಡುಕುತ್ತಾರೆ. ‘ಬಾಳಿಕೆ’ ಅಂದರೆ ವರ್ಷಗಳ ಮಾತಾಗುತ್ತದೆ, ‘ಕಾಯುವ ಅವಧಿ’ ಅಂದರೆ ಪ್ರಯಾಣಿಕರು ಕಾದು ಕೂತಂತೆ. ಸದ್ಯಕ್ಕೆ ‘ತಾಳಿಕೆ ಅವಧಿ’ ಅಂತ ಬರೆದಿದ್ದೇನೆ. ಇನ್ನೂ ಚೆನ್ನಾದದ್ದು ಹೊಳೆದರೆ ತಿಳಿಸಿ.