ಐದು ಡಾಲರ್ ದಿನಗೂಲಿ: ನಮ್ಮ ಮನೆಯ ಗುಂಪಿನಲ್ಲಿ ನಡೆದ ವಾದ

ದೊಡ್ಡಪ್ಪ (ಬೇರೆ ಗುಂಪಿನಿಂದ ಬಂದದ್ದು): "ಕಾರನ್ನು ಕಂಡುಹಿಡಿದ ಹೆನ್ರಿ ಫೋರ್ಡ್ ಒಂದು ದಿನ ತಮ್ಮ ಕಾರ್ಖಾನೆಯಲ್ಲಿ ಸುತ್ತಾಡುತ್ತಿದ್ದಾಗ, ಕಾರು ತಯಾರಿಸುವವನಿಗೇ ಕಾರು ಕೊಳ್ಳುವ ಶಕ್ತಿಯಿಲ್ಲದಿರುವುದನ್ನು ಕಂಡು ಕಣ್ಣೀರಿಟ್ಟರು. ಮರುದಿನವೇ ಎಲ್ಲ ಕಾರ್ಮಿಕರ ಕೂಲಿಯನ್ನು ದಿನಕ್ಕೆ 5 ಡಾಲರಿಗೆ ಏರಿಸಿದರು. ಆ ಕಾರ್ಮಿಕರೇ ಕಾರು ಕೊಂಡು ಕಂಪನಿಯನ್ನು ಜಗತ್ತಿನಲ್ಲೇ ದೊಡ್ಡದಾಗಿಸಿದರು. ಕೊಟ್ಟವನಿಗೆ ದೇವರು ಕೊಡುತ್ತಾನೆ. ಓದಿ, ಹತ್ತು ಜನರಿಗೆ ತಲುಪಿಸಿ."

ದೊಡ್ಡಪ್ಪ: ಪೀಣ್ಯದಲ್ಲಿ ಕೆಲಸ ಮಾಡುವ ನಮ್ಮ ಪುಟ್ಟಿ ಇದನ್ನು ತನ್ನ ಮಾಲೀಕರಿಗೂ ತೋರಿಸಬೇಕು.

ನಾನು: ದೊಡ್ಡಪ್ಪ, ಇದನ್ನು ತೋರಿಸಿದರೆ ಮಾಲೀಕರೇ ನನಗೆ ತಿದ್ದುಪಡಿ ಹೇಳಿಯಾರು. ಕಾರನ್ನು ಕಂಡುಹಿಡಿದವರು ಫೋರ್ಡ್ ಅಲ್ಲ. ಜರ್ಮನಿಯ ಕಾರ್ಲ್ ಬೆಂಝ್ 1886ರಲ್ಲೇ ತಮ್ಮ ಮೋಟಾರು ಗಾಡಿಗೆ ಪೇಟೆಂಟ್ ಪಡೆದಿದ್ದರು; ಫೋರ್ಡ್ ತಮ್ಮ ಮೊದಲ ಗಾಡಿಯನ್ನು ಓಡಿಸಿದ್ದು 1896ರಲ್ಲಿ. ಅದು ಹೋಗಲಿ, ಒಂದೇ ಪದದ ತಪ್ಪು. ನನಗೆ ಒಪ್ಪಿಗೆಯಾಗದೆ ಇರುವುದು ಆ ಕಣ್ಣೀರಿನ ಭಾಗ. 1914ರ ಜನವರಿ 5ರಂದು ಪ್ರಕಟವಾದ ಆ ಕೂಲಿ ಏರಿಕೆಯ ಹಿಂದೆ ಬೇರೊಂದು ಸಂಕಟವಿತ್ತು, ಮತ್ತು ಸಿಬ್ಬಂದಿ ವಿಭಾಗದಲ್ಲಿ ಕುಳಿತ ಯಾರಿಗಾದರೂ ಆ ಸಂಕಟ ಚೆನ್ನಾಗಿ ಗೊತ್ತು: ಜನ ನಿಲ್ಲುತ್ತಿರಲಿಲ್ಲ.

ಚಿಕ್ಕಪ್ಪ: ಅಷ್ಟು ಹೆಸರಾದ ಕಾರ್ಖಾನೆಯಲ್ಲಿ ಜನ ನಿಲ್ಲುತ್ತಿರಲಿಲ್ಲವೆಂದರೆ ನಂಬುವುದು ಕಷ್ಟ. ಸ್ವಲ್ಪ ಬಿಡಿಸಿ ಹೇಳು.

ನಾನು: ಚಿಕ್ಕಪ್ಪ, 1913ರಲ್ಲಿ ಫೋರ್ಡ್ ಅವರ ಹೈಲೆಂಡ್ ಪಾರ್ಕ್ ಕಾರ್ಖಾನೆಯಲ್ಲಿ ಚಲಿಸುವ ಜೋಡಣಾ ಸಾಲು ಬಂತು. ಮೊದಲು ವಸಂತಕಾಲದಲ್ಲಿ ಮ್ಯಾಗ್ನೆಟೋ ಎಂಬ ಒಂದು ಬಿಡಿಭಾಗದ ಜೋಡಣೆಗೆ ಅದನ್ನು ಪ್ರಯೋಗಿಸಿ, ಅಕ್ಟೋಬರಿನ ಹೊತ್ತಿಗೆ ಇಡೀ ಚಾಸಿಗೂ, ಅಂದರೆ ಗಾಡಿಯ ಅಡಿಯ ಚೌಕಟ್ಟಿಗೂ, ವಿಸ್ತರಿಸಿದರು. ಒಂದು ಚಾಸಿ ಜೋಡಿಸಲು ಹನ್ನೆರಡೂವರೆ ಗಂಟೆ ಹಿಡಿಯುತ್ತಿದ್ದದ್ದು ಕೆಲವೇ ತಿಂಗಳಲ್ಲಿ ಸುಮಾರು ಒಂದೂವರೆ ಗಂಟೆಗೆ ಇಳಿಯಿತು. ಆದರೆ ಅದುವರೆಗೆ ಗಾಡಿಯ ಸುತ್ತ ಓಡಾಡಿಕೊಂಡು ಹತ್ತು ಬಗೆಯ ಕೆಲಸ ಮಾಡುತ್ತಿದ್ದ ಕುಶಲಕರ್ಮಿ ಈಗ ಒಂದೇ ಜಾಗದಲ್ಲಿ ನಿಂತು, ಸಾಲು ಹೊತ್ತು ತಂದ ಗಾಡಿಗೆ ಅದೇ ಒಂದು ಬೋಲ್ಟನ್ನು ದಿನವಿಡೀ ಬಿಗಿಯಬೇಕಾಯಿತು. ಡೆಟ್ರಾಯಿಟ್ ತುಂಬ ಬೇರೆ ಕಾರು ಕಂಪನಿಗಳಿದ್ದವು. ಜನ ಬಿಟ್ಟು ಹೋದರು. ಆ ವರ್ಷ ಕೆಲಸ ಬಿಟ್ಟವರ ಪ್ರಮಾಣ ಶೇಕಡಾ 370. ಅಂದರೆ ಸುಮಾರು 14,000 ಜನರ ಕಾರ್ಖಾನೆಯನ್ನು ತುಂಬಿಸಿಡಲು ವರ್ಷದಲ್ಲಿ 52,000ಕ್ಕೂ ಹೆಚ್ಚು ಜನರನ್ನು ಹೊಸದಾಗಿ ಸೇರಿಸಿಕೊಳ್ಳಬೇಕಾಗಿತ್ತು. ಬಂದವನಿಗೆ ಕೆಲಸ ಕಲಿಸುವಷ್ಟರಲ್ಲಿ ಅವನು ಗೇಟು ದಾಟಿರುತ್ತಿದ್ದ.

ದೊಡ್ಡಪ್ಪ: ಸರಿ, ಒಪ್ಪಿದೆ. ಆದರೆ ಅದೇ ಸಂಕಟ ಉಳಿದ ಕಾರ್ಖಾನೆಗಳಲ್ಲೂ ಇದ್ದಿರಬೇಕಲ್ಲವೇ? ಬೇರೆ ಯಾವ ಮಾಲೀಕನೂ ಕೂಲಿಯನ್ನು ಒಂದೇ ಏಟಿಗೆ ಎರಡರಷ್ಟು ಮಾಡಲಿಲ್ಲ. ದಿನಕ್ಕೆ ಒಂಬತ್ತು ಗಂಟೆ ದುಡಿದು 2.34 ಡಾಲರ್ ಪಡೆಯುತ್ತಿದ್ದವನು ಎಂಟು ಗಂಟೆ ದುಡಿದು 5 ಡಾಲರ್ ಪಡೆಯುವಂತಾದದ್ದು ಸುಳ್ಳೇ? ಆತನ ಮನೆಯಲ್ಲಿ ಒಲೆ ಉರಿದದ್ದು ಮಾಲೀಕನ ಮನಸ್ಸಿನಲ್ಲಿ ಏನಿತ್ತು ಎಂಬುದನ್ನು ಕೇಳಿಕೊಂಡಲ್ಲ. ಮೂವತ್ತು ವರ್ಷ ಕೋರ್ಟಿನಲ್ಲಿ ಶಿರಸ್ತೇದಾರಿಕೆ ಮಾಡಿದವನು ನಾನು. ಕ್ರಿಮಿನಲ್ ಪ್ರಕರಣದಲ್ಲಿ ಉದ್ದೇಶ ನೋಡುತ್ತಾರೆ, ದಾನಪತ್ರದಲ್ಲಿ ಯಾರೂ ನೋಡುವುದಿಲ್ಲ.

ಅತ್ತೆ: ಅಣ್ಣ, ದಾನಪತ್ರವಾದರೆ ಷರತ್ತುಗಳನ್ನಾದರೂ ನೋಡಬೇಕಲ್ಲ. ಆ 5 ಡಾಲರಿನಲ್ಲಿ ಅರ್ಧ ಮಾತ್ರ ಕೂಲಿ, ಇನ್ನರ್ಧ ಲಾಭದ ಪಾಲು. ಪಾಲು ಬೇಕೆಂದರೆ ಕಂಪನಿಯಲ್ಲಿ ಆರು ತಿಂಗಳು ಕಳೆದಿರಬೇಕು, ಮತ್ತು ಕಂಪನಿ ಮೆಚ್ಚುವಂತೆ ಬದುಕಬೇಕು. ಅದನ್ನು ನೋಡಿಕೊಳ್ಳಲೆಂದೇ "ಸೋಷಿಯಲಾಜಿಕಲ್ ಡಿಪಾರ್ಟ್‌ಮೆಂಟ್" ಎಂಬ ವಿಭಾಗ ತೆರೆದಿದ್ದರು. ಅದರ ತನಿಖಾಧಿಕಾರಿಗಳು ಕಾರ್ಮಿಕರ ಮನೆಗೇ ಹೋಗಿ, ಮನೆ ಶುಚಿಯಾಗಿದೆಯೇ, ಗಂಡಸು ಕುಡಿಯುತ್ತಾನೆಯೇ, ಉಳಿತಾಯ ಎಷ್ಟಿದೆ, ಬಾಡಿಗೆಗೆ ಹೊರಗಿನವರನ್ನು ಇಟ್ಟುಕೊಂಡಿದ್ದಾರೆಯೇ ಎಂದು ಬರೆದುಕೊಳ್ಳುತ್ತಿದ್ದರು. ಸಾಲ ಕೊಡುವ ಮೊದಲು ನಮ್ಮ ಬ್ಯಾಂಕಿನಲ್ಲಿಯೂ ವಿಚಾರಣೆ ಮಾಡುತ್ತಿದ್ದೆವು, ಆದರೆ ಅಡುಗೆಮನೆಗೆ ನುಗ್ಗಿದ್ದಿಲ್ಲ. ಇನ್ನೊಂದು ಮಾತು: ಹೆಂಗಸರಿಗೆ 1916ರವರೆಗೆ ಆ ಪಾಲೇ ಇರಲಿಲ್ಲ.

ಚಿಕ್ಕಪ್ಪ: ಇದು ಗೊತ್ತಿರಲಿಲ್ಲ. ಆದರೂ ಅಣ್ಣನ ಮಾತಿನಲ್ಲಿ ತಥ್ಯವಿದೆ. ಒಂಬತ್ತು ಗಂಟೆಯ ಎರಡು ಪಾಳಿಯ ಜಾಗದಲ್ಲಿ ಎಂಟು ಗಂಟೆಯ ಮೂರು ಪಾಳಿ ಬಂದವು. 1926ರಲ್ಲಿ ಇದೇ ಕಂಪನಿ ವಾರಕ್ಕೆ ಐದೇ ದಿನದ ಕೆಲಸ ಎಂದಿತು. ಇತರ ಅನೇಕ ಕಂಪನಿಗಳು ಗೇಟಿನ ಒಳಗೂ ಬಿಟ್ಟುಕೊಳ್ಳದಿದ್ದ ಕಪ್ಪು ಜನರನ್ನು ಸಾವಿರ ಸಾವಿರ ಸಂಖ್ಯೆಯಲ್ಲಿ ಸೇರಿಸಿಕೊಂಡಿತು. ಇವನ್ನೆಲ್ಲ ಒಂದು ತಕ್ಕಡಿಗೆ ಹಾಕಬೇಕು.

ಭಾವ (ಮಿಶಿಗನ್): ದೊಡ್ಡ ಮಾವನವರೇ, ಇಲ್ಲಿಂದ ಒಂದು ಮಾತು ಸೇರಿಸುತ್ತೇನೆ. ಆ ಹೈಲೆಂಡ್ ಪಾರ್ಕ್ ಕಾರ್ಖಾನೆ ವುಡ್‌ವರ್ಡ್ ಅವೆನ್ಯೂ ಎಂಬ ರಸ್ತೆಯಲ್ಲಿದೆ. ಅದರ ಮುಂದೆ ಸರ್ಕಾರದ ಸ್ಮಾರಕ ಫಲಕವಿದೆ, ಪಕ್ಕದಲ್ಲೇ, ಅಲ್ಲಿ ತಯಾರಾಗುತ್ತಿದ್ದ ಫೋರ್ಡ್ ಕಾರಿನ ಹೆಸರನ್ನೇ ಹೊತ್ತ "ಮಾಡೆಲ್ ಟಿ ಪ್ಲಾಜಾ" ಎಂಬ ಅಂಗಡಿ ಸಾಲೊಂದಿದೆ. 1914ರ ಪ್ರಕಟಣೆ ಹೊರಬಿದ್ದ ಕೂಡಲೇ ಅದೇ ಗೇಟಿನ ಮುಂದೆ, ಜನವರಿಯ ಕೊರೆಯುವ ಚಳಿಯಲ್ಲಿ, ಸಾವಿರಾರು ಜನ ಕೆಲಸ ಕೇಳಿಕೊಂಡು ಸೇರಿದರು. ಕೆಲಸ ಸಿಗದೆ ಗಲಾಟೆ ಎದ್ದಾಗ ಅವರ ಮೇಲೆ ಪೈಪಿನಿಂದ ನೀರು ಹಾರಿಸಿ ಚದುರಿಸಿದರು. ಇಲ್ಲಿಯ ಚಳಿಯಲ್ಲಿ ಮೈ ನೆನೆದರೆ ಏನಾಗುತ್ತದೆ ಎಂಬುದನ್ನು ಮೈಸೂರಿನಲ್ಲಿ ಕುಳಿತು ಊಹಿಸಲಾಗದು. ಇನ್ನೂ ಒಂದು ಸಂಗತಿ: ಅಂದು ಪತ್ರಕರ್ತರನ್ನು ತಮ್ಮ ಕಚೇರಿಗೆ ಕರೆಸಿ ಪ್ರಕಟಣೆಯನ್ನು ಓದಿದವರು ಫೋರ್ಡ್ ಅಲ್ಲ, ಕಂಪನಿಯ ವ್ಯವಹಾರವನ್ನೆಲ್ಲ ನೋಡಿಕೊಳ್ಳುತ್ತಿದ್ದ ಜೇಮ್ಸ್ ಕಝೆನ್ಸ್.

ದೊಡ್ಡಪ್ಪ: ಓದಿದವರು ಯಾರಾದರೇನು, ಸಹಿ ಯಾರದು ಎಂಬುದು ಮುಖ್ಯ. ನೀವೆಲ್ಲ ಸೇರಿ ಆ ಮನುಷ್ಯನನ್ನು ಬರಿಯ ಲೆಕ್ಕಾಚಾರದವನನ್ನಾಗಿ ಮಾಡುತ್ತಿದ್ದೀರಿ, ಆದ್ದರಿಂದ ಒಂದು ಕೋರ್ಟ್ ದಾಖಲೆಯನ್ನೇ ನಿಮ್ಮ ಮುಂದಿಡುತ್ತೇನೆ. ಕಂಪನಿಯಲ್ಲಿ ನೂರಕ್ಕೆ ಹತ್ತು ಷೇರು ಹೊಂದಿದ್ದ ಡಾಡ್ಜ್ ಸಹೋದರರು, ತಮಗೆ ಬರಬೇಕಾದ ವಿಶೇಷ ಲಾಭಾಂಶವನ್ನು ಫೋರ್ಡ್ ತಡೆದಿದ್ದಾರೆಂದು 1916ರಲ್ಲಿ ದಾವೆ ಹೂಡಿದರು. ಆಗ ಫೋರ್ಡ್ ಅವರ ನಿಲುವೇನಿತ್ತು? ಕಂಪನಿ ಸಾಕಷ್ಟು ಗಳಿಸಿದೆ. ಇನ್ನು ಮುಂದೆ ಕಾರಿನ ಬೆಲೆಯನ್ನು 440ರಿಂದ 360 ಡಾಲರಿಗೆ ಇಳಿಸಿ, ಕಾರ್ಖಾನೆ ಬೆಳೆಸಿ, ಹೆಚ್ಚು ಜನರಿಗೆ ಕೆಲಸ ಕೊಟ್ಟು, ಅದರ ಪ್ರಯೋಜನವನ್ನು ಆದಷ್ಟು ಹೆಚ್ಚು ಮಂದಿಗೆ ಹಂಚಬೇಕು ಎಂಬುದು. 1919ರಲ್ಲಿ ಮಿಶಿಗನ್ ಸುಪ್ರೀಂ ಕೋರ್ಟ್, ವ್ಯಾಪಾರಿ ಕಂಪನಿ ಇರುವುದು ಮುಖ್ಯವಾಗಿ ಷೇರುದಾರರ ಲಾಭಕ್ಕೆ ಎಂದು ಹೇಳಿ, 1 ಕೋಟಿ 93 ಲಕ್ಷ ಡಾಲರ್ ಲಾಭಾಂಶ ಹಂಚಲು ಆದೇಶಿಸಿತು. ಕಾರ್ಮಿಕರ ಕಡೆ ವಾಲಿದ ಮಾಲೀಕನನ್ನು ನ್ಯಾಯಾಲಯವೇ ಹಿಡಿದೆಳೆದ ಪ್ರಕರಣ ಇದು. ಇದಕ್ಕಿಂತ ಸಾಕ್ಷಿ ಬೇಕೇ?

ನಾನು: ದೊಡ್ಡಪ್ಪ, ಆ ಸಾಕ್ಷಿಯನ್ನು ಸ್ವಲ್ಪ ಪಾಟೀಸವಾಲು ಮಾಡಲು ಅವಕಾಶ ಕೊಡಿ. ಡಾಡ್ಜ್ ಸಹೋದರರು 1914ರಿಂದ ತಮ್ಮದೇ ಹೆಸರಿನ ಕಾರು ತಯಾರಿಸುತ್ತಿದ್ದರು. ಅವರಿಗೆ ಫೋರ್ಡ್ ಲಾಭಾಂಶ ಕೊಟ್ಟರೆ, ಅದೇ ಹಣ ಎದುರಾಳಿಯ ಕಾರ್ಖಾನೆಗೆ ಬಂಡವಾಳವಾಗುತ್ತಿತ್ತು. ಮೇಲಾಗಿ, ತೀರ್ಪು ಬಂದ ವರ್ಷವೇ ಫೋರ್ಡ್ ಅವರು ಹೊಸ ಕಂಪನಿ ಕಟ್ಟುವೆನೆಂದು ಸುದ್ದಿ ಹಬ್ಬಿಸಿ, ಹೆದರಿದ ಷೇರುದಾರರೆಲ್ಲರ ಪಾಲನ್ನೂ ಕೊಂಡು, ಕಂಪನಿಯನ್ನು ಪೂರ್ತಿ ತಮ್ಮ ಕುಟುಂಬದ ಕೈಗೆ ತೆಗೆದುಕೊಂಡರು. ಹೊರಗಿನವರಿಗೆ ಷೇರು ಮತ್ತೆ ಸಿಕ್ಕಿದ್ದು 1956ರಲ್ಲಿ. ಪ್ರಯೋಜನವನ್ನು ಹೆಚ್ಚು ಮಂದಿಗೆ ಹಂಚುವವರು ಷೇರನ್ನು ಒಬ್ಬರಿಗೂ ಬಿಡಲಿಲ್ಲ. ಕೊನೆಗೆ, ಫೋರ್ಡ್ ಅವರೇ 1922ರ ಆತ್ಮಕಥನದಲ್ಲಿ, ಆ ಏರಿಕೆಯಲ್ಲಿ ದಾನಧರ್ಮದ ಮಾತೇ ಇರಲಿಲ್ಲವೆಂದೂ, ವೆಚ್ಚ ತಗ್ಗಿಸಲು ತಾವು ಕೈಗೊಂಡ ಅತ್ಯುತ್ತಮ ಕ್ರಮಗಳಲ್ಲಿ ಅದೊಂದೆಂದೂ ಬರೆದಿದ್ದಾರೆ. ದಾನಿಯೇ ದಾನವಲ್ಲ ಎನ್ನುವಾಗ ನಾವು ಯಾಕೆ ಹಟ ಹಿಡಿಯಬೇಕು?

ಚಿಕ್ಕಪ್ಪ: ವೆಚ್ಚ ನಿಜವಾಗಿ ತಗ್ಗಿತೇ?

ನಾನು: ಕೆಲಸ ಬಿಡುವವರ ಪ್ರಮಾಣ 370ರಿಂದ 1914ರಲ್ಲಿ ಶೇಕಡಾ 54ಕ್ಕೆ, 1915ರಲ್ಲಿ 16ಕ್ಕೆ ಇಳಿಯಿತು. ಹೇಳದೆ ಕೇಳದೆ ಗೈರುಹಾಜರಾಗುವವರೂ ಕಡಿಮೆಯಾದರು. ಸಾಲಿನ ವೇಗ ಹೆಚ್ಚಿಸಿದರೂ ಹೆಚ್ಚಿನವರು ಗೇಟು ದಾಟಲಿಲ್ಲ, ಏಕೆಂದರೆ ಗೇಟಿನ ಆಚೆ ಅಷ್ಟು ಕೂಲಿ ಇರಲಿಲ್ಲ. ನನ್ನ ದೃಷ್ಟಿಯಲ್ಲಿ ಫೋರ್ಡ್ ಅವರ ದೊಡ್ಡ ಬುದ್ಧಿವಂತಿಕೆ ಇರುವುದು ಇಲ್ಲಿಯೇ. ಬೇಸರದ ಕೆಲಸಕ್ಕೂ ಒಂದು ಬೆಲೆಯಿದೆ ಎಂದು ಮೊದಲು ಕಂಡುಕೊಂಡು, ಆ ಬೆಲೆಯನ್ನು ಚೌಕಾಸಿ ಮಾಡದೆ ಕೊಟ್ಟರು. ಅಷ್ಟಕ್ಕೆ ಮೆಚ್ಚಲು ನಾನೂ ಸಿದ್ಧ.

ಅತ್ತೆ: ಕಾರ್ಮಿಕರೇ ಕಾರು ಕೊಂಡು ಕಂಪನಿ ಬೆಳೆಸಿದರು ಎಂಬ ವಾಕ್ಯವನ್ನು ಮಾತ್ರ ನಾನು ಬಿಡುವುದಿಲ್ಲ, ಅದು ಲೆಕ್ಕಕ್ಕೇ ನಿಲ್ಲುವುದಿಲ್ಲ. ಸುಮಾರು 14,000 ಕಾರ್ಮಿಕರೂ ಆ ವರ್ಷ ತಪ್ಪದೆ ಒಂದೊಂದು ಕಾರು ಕೊಂಡರೆಂದೇ ಇಟ್ಟುಕೊಳ್ಳೋಣ. 1914ರ ಆಗಸ್ಟಿನಲ್ಲಿ ಬೆಲೆ 490 ಡಾಲರ್. ಒಟ್ಟು 68 ಲಕ್ಷ ಚಿಲ್ಲರೆ ಡಾಲರ್ ಆಯಿತು. ಕೂಲಿ ಏರಿಕೆಗೆ ಮೊದಲ ವರ್ಷಕ್ಕೆ ಕಂಪನಿ ಎತ್ತಿಟ್ಟದ್ದು 1 ಕೋಟಿ ಡಾಲರ್. ತಾನೇ 100 ರೂಪಾಯಿ ಕೊಟ್ಟು, 68 ರೂಪಾಯಿಯ ವ್ಯಾಪಾರ ಮಾಡಿಸಿಕೊಂಡು, ಅದರಲ್ಲೂ ತಯಾರಿಕೆಯ ಖರ್ಚು ಕಳೆದರೆ ಯಾರ ಅಂಗಡಿ ಬೆಳೆಯುತ್ತದೆ? ವರ್ಷಕ್ಕೆ ಎರಡು ಲಕ್ಷಕ್ಕೂ ಮಿಕ್ಕಿ ಕಾರು ಮಾರುತ್ತಿದ್ದ ಕಂಪನಿಗೆ ಹೊರಗಿನ ರೈತರು, ವೈದ್ಯರು, ವ್ಯಾಪಾರಿಗಳೇ ಗಿರಾಕಿಗಳು.

ದೊಡ್ಡಪ್ಪ: ಲೆಕ್ಕದಲ್ಲಿ ನಿನ್ನನ್ನು ಗೆಲ್ಲುವವರು ನಮ್ಮ ಮನೆಯಲ್ಲಿ ಹಿಂದೆಯೂ ಇರಲಿಲ್ಲ. ಆದರೆ ನಿನ್ನದೇ ಅಂಕಿಗಳಿಂದ ನನ್ನ ಲೆಕ್ಕವನ್ನೂ ನೋಡು. 490 ಡಾಲರಿನ ಕಾರಿಗೆ 5 ಡಾಲರಿನಂತೆ 98 ದಿನದ ದುಡಿಮೆ, ಹಳೆಯ ಕೂಲಿಯಲ್ಲಾದರೆ 200 ದಿನ ಮೀರುತ್ತಿತ್ತು. ಕಂಪನಿ ಬೆಳೆದದ್ದು ಅವರಿಂದಲ್ಲ ಎನ್ನು, ಒಪ್ಪುತ್ತೇನೆ. ಅವರು ಕಾರಿನ ಹತ್ತಿರ ಬಂದದ್ದು ಸುಳ್ಳೆನ್ನಬೇಡ. 1908ರಲ್ಲಿ 850 ಡಾಲರಿದ್ದ ಕಾರನ್ನು 1925ರ ಹೊತ್ತಿಗೆ 260 ಡಾಲರಿಗೆ ಇಳಿಸಿದವರನ್ನು, ಒಟ್ಟು ಒಂದೂವರೆ ಕೋಟಿ ಗಾಡಿಗಳನ್ನು ಬೀದಿಗಿಳಿಸಿದವರನ್ನು, ಒಂದು ಫಾರ್ವರ್ಡಿನ ಕಣ್ಣೀರಿಗಾಗಿ ತೂರಿಬಿಡಬಾರದು.

ಭಾವ (ಮಿಶಿಗನ್): ತೂರುವುದು ಬೇಡ, ಮಾವನವರೇ. ಆದರೆ "ಕೊಟ್ಟವನಿಗೆ ದೇವರು ಕೊಡುತ್ತಾನೆ" ಎನ್ನುವ ಮೊದಲು 1937ರ ಮೇ 26ನ್ನೂ ನೋಡಬೇಕು. ಫೋರ್ಡ್ ಅವರ ಇನ್ನೊಂದು ಕಾರ್ಖಾನೆಯಾದ ರೂಜ್‌ನ ಗೇಟಿನ ಮೇಲ್ಸೇತುವೆಯಲ್ಲಿ ಕರಪತ್ರ ಹಂಚಲು ಬಂದ ಯೂನಿಯನ್ ಮುಖಂಡ ವಾಲ್ಟರ್ ರೂಥರ್ ಮತ್ತು ಜೊತೆಗಾರರನ್ನು ಕಂಪನಿಯ ಕಾವಲುಪಡೆ ರಕ್ತ ಬರುವಂತೆ ಹೊಡೆಯಿತು. ಒಬ್ಬ ಪತ್ರಿಕಾ ಛಾಯಾಗ್ರಾಹಕ ಚಿತ್ರಗಳನ್ನು ಉಳಿಸಿಕೊಂಡದ್ದರಿಂದಲೇ ಅದು ಲೋಕಕ್ಕೆ ತಿಳಿಯಿತು. ಎದುರಾಳಿ ಕಾರು ಕಂಪನಿಗಳಾದ ಜನರಲ್ ಮೋಟಾರ್ಸ್ ಮತ್ತು ಕ್ರೈಸ್ಲರ್ ಅದೇ 1937ರಲ್ಲಿ ಯೂನಿಯನ್ನನ್ನು ಒಪ್ಪಿದ್ದವು. ಫೋರ್ಡ್ ಒಪ್ಪಿದ್ದು 1941ರಲ್ಲಿ, ಮೂವರಲ್ಲಿ ಕೊನೆಗೆ. ತಾನಾಗಿ ಕೊಡಲು ಕೈ ಬಿಚ್ಚಿದ ಮನುಷ್ಯ, ಕೇಳಿ ಪಡೆಯಲು ಬಂದವರನ್ನು ಸಹಿಸಲಿಲ್ಲ.

ಚಿಕ್ಕಪ್ಪ: ಈಗ ಅರ್ಥವಾಯಿತು. ನಮ್ಮ ಊರಿನ ಹಳೆಯ ಜಮೀನ್ದಾರರೂ ಹಾಗೆಯೇ ಇದ್ದರಲ್ಲ, ಅಣ್ಣ.

ದೊಡ್ಡಪ್ಪ: ಊರಿನ ವಿಷಯ ಇಲ್ಲಿ ತರಬೇಡ, ಅದಕ್ಕೆ ಬೇರೆ ರಾತ್ರಿ ಬೇಕು. ನನ್ನ ತೀರ್ಮಾನ ಹೀಗಿದೆ. ಕಂಡುಹಿಡಿದರು ಎಂಬ ಮಾತನ್ನೂ, ಕಣ್ಣೀರನ್ನೂ, ಕಂಪನಿ ಬೆಳೆಸಿದರು ಎಂಬ ವಾಕ್ಯವನ್ನೂ ತೆಗೆದು, ಪುಟ್ಟಿ ಹೇಳಿದ 370ರ ಸಂಗತಿ ಸೇರಿಸಿ, ನಮ್ಮ ನಿವೃತ್ತ ನೌಕರರ ಗುಂಪಿಗೆ ಮತ್ತೆ ಕಳುಹಿಸುತ್ತೇನೆ. ಕೂಲಿಯನ್ನು ಎರಡರಷ್ಟು ಮಾಡಿದರು ಎಂಬುದು ಮಾತ್ರ ಇದ್ದ ಹಾಗೆಯೇ ಇರುತ್ತದೆ. ಅದರಲ್ಲಿ ನಾನು ಸೋತಿಲ್ಲ.

ಅತ್ತೆ: ಇರಲಿ, ಅಣ್ಣ. ಆದರೆ "ಎಲ್ಲ ಕಾರ್ಮಿಕರ ಕೂಲಿ" ಎಂದಿರುವ ಕಡೆ "ಹೆಂಗಸರನ್ನು ಬಿಟ್ಟು" ಎಂದು ಸೇರಿಸಿ ಕಳುಹಿಸು.